ಎಡಗೈ ಕೊಟ್ಟ ಸೊಂಟ ನೋವು: ನನ್ನ ಅನುಭವ

ಹೆಲಿಕಾಪ್ಟರ್ ಹಾರಿಸುವವನಿಗೆ ಸೊಂಟ ನೋವು ಎಂಬುದು ಸಂಬಳದ ಜೊತೆಗೆ ಸಿಗುವ ಇನ್ನೊಂದು ಭತ್ಯೆ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನನಗೆ ಹೇಳಿ ಏಳು ವರ್ಷಗಳ ಮೇಲಾಯಿತು. ಕಳೆದ 14 ತಿಂಗಳುಗಳಿಂದ ನೋವಿನ ಮಾತ್ರೆಯನ್ನು ಮುಟ್ಟದೆ ತಿಂಗಳಿಗೆ ಸುಮಾರು 60 ಗಂಟೆ ಹಾರುತ್ತಿದ್ದೇನೆ. ಆದ್ದರಿಂದ ಅವರಿಗೂ, ನನ್ನ ಪ್ರಯೋಗಗಳನ್ನು ನೋಡಿ ನಕ್ಕವರಿಗೂ ಉತ್ತರವೆಂಬಂತೆ ಇದನ್ನು ಬರೆಯುತ್ತಿದ್ದೇನೆ.

ನನ್ನದು ಬೆಲ್ 206, ಬಲಗಡೆಯ ಆಸನ. ಮೊದಲೆಲ್ಲ ಹೊರಟ ಒಂದೂವರೆ ಗಂಟೆಗೆ ಸರಿಯಾಗಿ ಸೊಂಟದ ಬಲಭಾಗದಲ್ಲಿ ಬಿಗಿತ ಶುರುವಾಗುತ್ತಿತ್ತು. ಮೂರನೆಯ ಗಂಟೆಯ ಹೊತ್ತಿಗೆ ಹತ್ತಕ್ಕೆ ಏಳರಷ್ಟು ನೋವು, ಇಳಿದು ಎರಡು ಮೂರು ಗಂಟೆ ಕಳೆದರೆ ಏನೂ ಇಲ್ಲ. ಎಂಆರ್‌ಐ ಮಾಡಿಸಿದಾಗ ಒಂದು ಡಿಸ್ಕ್ ಸ್ವಲ್ಪ ಉಬ್ಬಿದೆ ಎಂದರು. ನೋವೇ ಇಲ್ಲದ ಎಷ್ಟೋ ಜನರಲ್ಲಿಯೂ ಅದು ಕಾಣುತ್ತದೆ ಎಂಬುದು ಆಮೇಲೆ ತಿಳಿಯಿತು. ಸ್ನಾಯು ಸಡಿಲಿಸುವ ಮಾತ್ರೆ ಕೊಟ್ಟರು. ಅದು ನಿದ್ದೆ ತರಿಸುವಂಥದ್ದಾದ್ದರಿಂದ ಹಾರುವ ಹಾಗಿರಲಿಲ್ಲ, ಎಂಟು ದಿನಗಳ ಹಾರಾಟ ಭತ್ಯೆ ಹೋಯಿತು. ಬೆಲ್ಟು, ಮಸಾಜು, ಮೂರು ಬಗೆಯ ದಿಂಬು ಎಲ್ಲ ಸೇರಿ ಎರಡು ತಿಂಗಳ ಸಂಬಳದಷ್ಟು ಹಣ ಕರಗಿತು.

ದಿಂಬುಗಳ ಕಥೆಯನ್ನು ಮಾತ್ರ ವಿವರವಾಗಿ ಹೇಳಬೇಕು, ಏಕೆಂದರೆ ಬಹುತೇಕರು ಅಲ್ಲಿಯೇ ಎಡವುತ್ತಾರೆ. 206ರ ಆಸನವನ್ನು ಏರಿಸಿ ಇಳಿಸಲು ಬರುವುದಿಲ್ಲ. ಸರಿಹೊಂದಿಸಲು ಸಿಗುವುದು ಪೆಡಲ್ ಮಾತ್ರ. ನಾನು ದಪ್ಪನೆಯ ಮೆತ್ತೆಯೊಂದನ್ನು ಹಾಕಿಕೊಂಡೆ. ಮೊದಲ ಅರ್ಧ ಗಂಟೆ ಹಾಯೆನಿಸಿತು, ಆಮೇಲೆ ಹಿಂದೆಂದಿಗಿಂತ ಹೆಚ್ಚು ನೋವಾಯಿತು. ಮೆತ್ತೆ ನನ್ನನ್ನು ಮೇಲಕ್ಕೆತ್ತಿತ್ತು, ಆದರೆ ಕಲೆಕ್ಟಿವ್, ಅಂದರೆ ಯಂತ್ರವನ್ನು ಏರಿಸಿ ಇಳಿಸಲು ಎಡಗೈಯಲ್ಲಿ ಹಿಡಿಯುವ ಸನ್ನೆ, ಇದ್ದಲ್ಲಿಯೇ ಇತ್ತು. ಅದನ್ನು ಹಿಡಿಯಲು ನಾನು ಎಡಕ್ಕೆ ಇನ್ನಷ್ಟು ವಾಲುತ್ತಿದ್ದೆ ಎಂಬುದು ಆಗ ಹೊಳೆಯಲೇ ಇಲ್ಲ. ಇನ್ನೊಂದು ಮಾತು: ಅಪಘಾತದ ಹೊಡೆತವನ್ನು ಹೀರಿಕೊಳ್ಳುವ ಆಸನವಿರುವ ಯಂತ್ರದವರು ಮೆತ್ತನೆಯ ದಪ್ಪ ದಿಂಬನ್ನು ಹಾಕಲೇಬಾರದು. ಮೆತ್ತೆ ಪೂರ್ತಿ ಕುಸಿದ ಮೇಲೆ ದೇಹ ಆಸನಕ್ಕೆ ಬಡಿಯುವುದರಿಂದ ಬೆನ್ನುಮೂಳೆಯ ಮೇಲಿನ ಹೊರೆ ಕಡಿಮೆಯಾಗುವ ಬದಲು ಏರುತ್ತದೆ.

ಆಮೇಲೆ ಕಂಪನದ ಮೇಲೆ ಅನುಮಾನ ಬಂತು. ನಮ್ಮ ರೋಟರ್ ನಿಮಿಷಕ್ಕೆ 394 ಸುತ್ತು, ಅಂದರೆ ಸೆಕೆಂಡಿಗೆ ಆರೂವರೆ ಚಿಲ್ಲರೆ; ಕುಳಿತ ಮನುಷ್ಯನ ಬೆನ್ನುಮೂಳೆ ಹೆಚ್ಚು ಅದುರುವುದು ಸೆಕೆಂಡಿಗೆ 4ರಿಂದ 6ರ ಆಸುಪಾಸಿನಲ್ಲಿ. ಕಳ್ಳ ಸಿಕ್ಕಿಬಿದ್ದ ಎಂದುಕೊಂಡು ಎಂಜಿನಿಯರುಗಳ ಬೆನ್ನುಹತ್ತಿ ರೋಟರ್ ಅಲಗುಗಳನ್ನು ಸರಿದೂಗಿಸಿ ಕಂಪನ ತಗ್ಗಿಸುವ ಟ್ರ್ಯಾಕ್ ಅಂಡ್ ಬ್ಯಾಲೆನ್ಸ್ ಕೆಲಸವನ್ನು ಮೂರು ಬಾರಿ ಮಾಡಿಸಿದೆ. ನೆನಪಿನಲ್ಲಿರುವಂತೆ ಕಂಪನ 0.1 ಐಪಿಎಸ್‌ಗೆ (ಸೆಕೆಂಡಿಗೆ ಇಂಚು ಎಂಬ ಅಳತೆ) ಇಳಿಯಿತು, ಯಂತ್ರ ಬೆಣ್ಣೆಯಂತೆ ಹಾರಿತು, ಆದರೆ ನೋವು ತನ್ನ ಸಮಯಕ್ಕೆ ತಪ್ಪದೆ ಬಂತು. ಒಮ್ಮೆ ಅದೇ ಯಂತ್ರದ ಹಿಂದಿನ ಸೀಟಿನಲ್ಲಿ ಪ್ರಯಾಣಿಕನಾಗಿ ಎರಡು ಗಂಟೆಗೂ ಹೆಚ್ಚು ಕುಳಿತು ಬಂದಾಗ ಸೊಂಟ ಸುದ್ದಿಯೇ ಎತ್ತಲಿಲ್ಲ. ಮರುದಿನ ಹ್ಯಾಂಗರಿನಲ್ಲಿ ನಿಂತಿದ್ದ ಯಂತ್ರವನ್ನು ಹತ್ತಿ, ಎಂಜಿನ್ ಚಾಲೂ ಮಾಡದೆ, ಕೈಕಾಲುಗಳನ್ನು ಕಂಟ್ರೋಲುಗಳ ಮೇಲಿಟ್ಟು ಒಂದೂವರೆ ಗಂಟೆ ಸುಮ್ಮನೆ ಕುಳಿತೆ. ಮೆಕ್ಯಾನಿಕ್ ಹುಡುಗರು ಸಾಹೇಬರಿಗೆ ತಲೆ ಕೆಟ್ಟಿದೆ ಎಂದು ನಕ್ಕರು. 80ನೆಯ ನಿಮಿಷದ ಹೊತ್ತಿಗೆ ಅದೇ ಜಾಗದಲ್ಲಿ ಅದೇ ನೋವು ಕಾಣಿಸಿಕೊಂಡಿತು. ಕಂಪನ ನೋವನ್ನು ಹೆಚ್ಚಿಸಬಹುದು. ನನ್ನ ಮಟ್ಟಿಗೆ ಅದನ್ನು ಹುಟ್ಟಿಸುತ್ತಿದ್ದದ್ದು ಕುಳಿತ ಭಂಗಿ.

ಎಡಗೈ ಕಲೆಕ್ಟಿವ್‌ಗಾಗಿ ಕೆಳಕ್ಕೆ ಇಳಿಯುತ್ತದೆ, ಯಂತ್ರವನ್ನು ಹಿಂದೆ ಮುಂದೆ, ಅಕ್ಕಪಕ್ಕ ವಾಲಿಸುವ ಸೈಕ್ಲಿಕ್ ಎಂಬ ಕೋಲನ್ನು ಹಿಡಿದ ಬಲ ಮುಂಗೈ ತೊಡೆಯ ಆಸರೆ ಹುಡುಕಿಕೊಂಡು ಮೈಯನ್ನು ಮುಂದಕ್ಕೆ ಬಾಗಿಸುತ್ತದೆ, ಎರಡೂ ಪಾದಗಳು ಪೆಡಲ್ ಬಿಡುವಂತಿಲ್ಲ. ಹೀಗೆ ಎಡಕ್ಕೂ ಮುಂದಕ್ಕೂ ವಾಲಿದ ಮೈಯನ್ನು ಬಲಸೊಂಟದ ಸ್ನಾಯುಗಳು ಒಂದೇ ಸಮನೆ ಹಿಡಿದು ನಿಂತಿರುತ್ತವೆ. ಇದು ಹೊಳೆದ ಮೇಲೆ ಮಾಡಿದ ಕೆಲಸ ಸರಳವಾಗಿತ್ತು. ದಪ್ಪ ದಿಂಬನ್ನು ಕಿತ್ತೆಸೆದೆ. ಮೊಣಕಾಲು ಸ್ವಲ್ಪ ಮಡಿಚುವಷ್ಟು ಪೆಡಲನ್ನು ಹತ್ತಿರಕ್ಕೆ ತಂದೆ. ಬಲತೊಡೆಗೆ ಕಟ್ಟಿಕೊಳ್ಳುವ ಮುಂಗೈ ಆಸರೆಯೊಂದನ್ನು ನಾನೇ ಹೊಲಿದೆ. ಅದರ ಎತ್ತರ ನಾಲ್ಕು ಬೆರಳು. ಒಳಗೆ ಏನನ್ನು ಯಾವ ಕ್ರಮದಲ್ಲಿ ತುಂಬಿದ್ದೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ, ಅದಕ್ಕಾಗಿ ಐದು ಆಸರೆ ಹಾಳು ಮಾಡಿದವನು ನಾನು. ಸೈಕ್ಲಿಕ್ ನಾಲ್ಕೂ ಕಡೆಗೆ ಪೂರ್ತಿ ಓಡುತ್ತದೆಯೇ ಎಂದು ನೆಲದ ಮೇಲೆ ನೋಡಿ, ಸುರಕ್ಷತಾ ವಿಭಾಗದ ಒಪ್ಪಿಗೆ ಪಡೆದ ಮೇಲೆಯೇ ಅದನ್ನು ಬಳಸಿದೆ. ಖರ್ಚು ಒಂದು ಮಸಾಜಿನಷ್ಟೂ ಆಗಲಿಲ್ಲ. ಒಂದೇ ಎತ್ತರದಲ್ಲಿ ನೇರವಾಗಿ ಸಾಗುವಾಗ, ಕಲೆಕ್ಟಿವ್ ತಾನಾಗಿ ಜಾರದಂತೆ ಹಿಡಿಯುವ ಫ್ರಿಕ್ಷನ್ ಬಿಗಿಮಾಡಿ, ಇಪ್ಪತ್ತು ನಿಮಿಷಕ್ಕೊಮ್ಮೆ ಎಡಗೈಯನ್ನು ತೊಡೆಯ ಮೇಲೆ ತಂದು, ಸೊಂಟವನ್ನು ಬೆನ್ನೊರಗಿಗೆ ಒತ್ತಿ, ಐದಾರು ಉಸಿರು ನೆಟ್ಟಗೆ ಕೂರುತ್ತೇನೆ.

ಇದರಿಂದ ಅರ್ಧ ನೋವು ಹೋಯಿತು. ಉಳಿದರ್ಧಕ್ಕೆ ವ್ಯಾಯಾಮ ಬೇಕಾಯಿತು. ಒಂದು ಮುಂಗೈ ಮತ್ತು ಪಾದದ ಮೇಲೆ ಮೈಯನ್ನು ಮಗ್ಗುಲಾಗಿ ಎತ್ತಿ ಹಿಡಿಯುವ ಸೈಡ್ ಪ್ಲ್ಯಾಂಕ್ ಮಾಡಿ ನೋಡಿದರೆ ಎಡಮಗ್ಗುಲಿನಲ್ಲಿ 70 ಸೆಕೆಂಡ್ ನಿಲ್ಲುತ್ತಿದ್ದವನು ಬಲಮಗ್ಗುಲಿನಲ್ಲಿ 35ಕ್ಕೇ ನಡುಗುತ್ತಿದ್ದೆ. ಭಾರ ಎತ್ತುವ ಗೋಜಿಗೆ ಹೋಗದೆ ದಿನಕ್ಕೆ 15 ನಿಮಿಷ ಸೈಡ್ ಪ್ಲ್ಯಾಂಕ್ ಮತ್ತು ಬರ್ಡ್ ಡಾಗ್ (ಅಂಗೈ, ಮಂಡಿ ಊರಿ ಒಂದು ಕೈಯನ್ನೂ ಎದುರು ಬದಿಯ ಕಾಲನ್ನೂ ಚಾಚುವುದು) ಮಾಡಿದೆ, ಬಲಕ್ಕೆ ಎಡದ ಎರಡರಷ್ಟು. ಮೊದಲ ಆರು ವಾರ ಏನೂ ವ್ಯತ್ಯಾಸ ಕಾಣದೆ ಬಿಟ್ಟುಬಿಡುವವನಿದ್ದೆ. ನಾಲ್ಕು ತಿಂಗಳಿಗೆ ಎರಡೂ ಮಗ್ಗುಲು 90ರ ಹತ್ತಿರ ಬಂದವು, ಮೂರು ಗಂಟೆಯ ಹಾರಾಟದ ಕೊನೆಯ ನೋವು ಎರಡಕ್ಕೆ ಇಳಿಯಿತು. ಕಾಲಿಗೆ ಇಳಿಯುವ ನೋವು, ಜೋಮು, ಬಲಹೀನತೆ ಇರುವವರು ನನ್ನ ದಾರಿಗೆ ಬರಬೇಡಿ, ವೈದ್ಯರ ಬಳಿಗೆ ಹೋಗಿ.

ಲಾಂಗ್‌ಲೈನ್ ಕೆಲಸದಲ್ಲಿ ಮಾತ್ರ ನಾನು ಇನ್ನೂ ಗೆದ್ದಿಲ್ಲ. ತಲೆಯನ್ನು ಕಿಟಕಿಯಾಚೆ ಚಾಚಿ ಹಗ್ಗದ ತುದಿಯ ಹೊರೆಯನ್ನು ನೋಡುತ್ತ, ಎಡಗೈಯನ್ನು ಕಲೆಕ್ಟಿವ್ ಮೇಲೆಯೇ ಇಟ್ಟುಕೊಂಡು ಹಾರುವಾಗ ನನ್ನ ಆಸರೆಯಾಗಲಿ ಇಪ್ಪತ್ತು ನಿಮಿಷದ ವಿರಾಮವಾಗಲಿ ಉಪಯೋಗಕ್ಕೆ ಬರುವುದಿಲ್ಲ. 40 ನಿಮಿಷಕ್ಕೊಮ್ಮೆ ಇಂಧನ ತುಂಬುವ ನೆಪದಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆಯುತ್ತೇನೆ, ಅಷ್ಟೇ.