ಮೂಡಲ್ ಪದಕೋಶದ ಸಹಾಯ ಪಠ್ಯ ತಿದ್ದಿದ ಬಗೆ

ಬಾಗಲಕೋಟೆ ನವನಗರದ ನಮ್ಮ ಡಿಗ್ರಿ ಕಾಲೇಜಿನಲ್ಲಿ ನೋಟ್ಸು, ಅಸೈನ್‌ಮೆಂಟು ಎಲ್ಲ ಮೂಡಲ್‌ನಲ್ಲೇ. ಆನ್‌ಲೈನಿನಲ್ಲಿ ಪಾಠ ನಡೆಸುವ ಮುಕ್ತ ತಂತ್ರಾಂಶ ಅದು, ಲೈಸೆನ್ಸಿನ ಖರ್ಚಿಲ್ಲ. ನೋಡಿಕೊಳ್ಳುವ ಕೆಲಸ ಮಾತ್ರ ಬಾಟನಿ ಕಲಿಸುವ ನನ್ನ ಕೊರಳಿಗೆ ಬಿತ್ತು. ಅದರಲ್ಲೊಂದು ಪದಕೋಶವಿದೆ. ಪದ, ವಿವರಣೆ ಸೇರಿಸಿ ಫಿಲ್ಟರ್ ಚಾಲೂ ಮಾಡಿದರೆ, ಪಾಠದಲ್ಲಿ ಆ ಪದ ಬಂದಲ್ಲಿ ತಾನೇ ಲಿಂಕ್ ಆಗುತ್ತದೆ. ನಾವು ಅದನ್ನು ಇಡೀ ಸೈಟಿಗೆ ಅನ್ವಯಿಸಿದ್ದೆವು.

ಫಿಜಿಕ್ಸ್ ಮೇಡಂ ಫೋನ್ ಮಾಡಿದರು: "ಸರ್, ನನ್ನ ಎಲೆಕ್ಟ್ರಾನ್ ಮ್ಯಾಲ ಒತ್ತಿದ್ರ ನಿಮ್ಮ ಎಲೆ ಬರಾಕತ್ತೈತ್ರಿ!" ಹೋಗಿ ನೋಡಿದರೆ ‘ಎಲೆಕ್ಟ್ರಾನ್’ನ ಮೊದಲೆರಡು ಅಕ್ಷರ ಲಿಂಕ್ ಆಗಿ ಕೂತಿವೆ. ‘ಎಲೆ’ ಸೇರಿಸಿದ ಹೊಸ ಲೆಕ್ಚರರ್ ‘ಪೂರ್ತಿ ಪದ ಹೊಂದಿದರೆ ಮಾತ್ರ’ ಎಂಬಲ್ಲಿ ಟಿಕ್ ಹಾಕಿರಲಿಲ್ಲ. ಹಾಕಬೇಕೆಂದು ಅವರಿಗೆ ತಿಳಿಯುವುದಾದರೂ ಹೇಗೆ? ಪಕ್ಕದ ಪ್ರಶ್ನೆ ಗುರುತು ಒತ್ತಿದರೆ ಬರುವ ಮೂಲ ಸಹಾಯ ಪಠ್ಯದ ಉದಾಹರಣೆ, ‘ಕನ್‌ಸ್ಟ್ರಕ್ಟ್’ ಎಂಬ ನಮೂದು ‘ಕನ್‌ಸ್ಟ್ರಕ್ಟಿವಿಸಂ’ ಒಳಗೆ ಲಿಂಕ್ ಆಗದು ಎಂಬುದು. ಇದನ್ನು ಎಷ್ಟು ಚೆಂದ ಅನುವಾದಿಸಿದರೂ ನಮ್ಮ ಸ್ಟಾಫ್ ರೂಮಿನಲ್ಲಿ ಯಾರಿಗೂ ಹತ್ತುವುದಿಲ್ಲ.

ತಿದ್ದುವ ದಾರಿ ಸುಲಭ. ಸೈಟಿನ ಆಡಳಿತ ವಿಭಾಗದಲ್ಲಿ ಭಾಷೆಯನ್ನು ಹೊಂದಿಸಿಕೊಳ್ಳುವ ಪುಟವಿದೆ. ಕನ್ನಡ ಪ್ಯಾಕ್, ಅಂದರೆ ಪರದೆಯ ಮಾತುಗಳ ಕನ್ನಡ ಅನುವಾದದ ಕಟ್ಟು, ತೆರೆದು, ಪದಕೋಶದ ಕಡತ ಆರಿಸಿ, ಸಹಾಯದ ಸಾಲುಗಳನ್ನಷ್ಟೇ ತೋರಿಸು ಎಂದು ಸೋಸಿಕೊಂಡೆ. ಇಲ್ಲಿ ಉಳಿಸಿದ್ದು ಬೇರೆ ಫೋಲ್ಡರಿಗೆ ಹೋಗುತ್ತದೆ. ಮುಂದೆ ಪ್ಯಾಕ್ ಅಪ್‌ಡೇಟ್ ಆದರೂ ಅಳಿಯುವುದಿಲ್ಲ.

ಹೀಗೆ ಬರೆದೆ: "‘ಎಲೆ’ ಎಂಬ ನಮೂದು ‘ಎಲೆಕ್ಟ್ರಾನ್’ ಒಳಗೆ ಲಿಂಕ್ ಆಗಬಾರದೆಂದರೆ ಟಿಕ್ ಹಾಕಿ. ಆಗ ‘ಎಲೆಯಲ್ಲಿ’, ‘ಎಲೆಗೆ’ ಕೂಡ ಲಿಂಕ್ ಆಗುವುದಿಲ್ಲ. ಅವು ಬೇಕಿದ್ದರೆ ‘ಕೀವರ್ಡ್‌ಗಳು’ ಎಂಬಲ್ಲಿ ಸೇರಿಸಿ."

ಕೊನೆಯ ಎರಡು ವಾಕ್ಯ ಮೂಲದಲ್ಲಿಲ್ಲ. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುವುದರಿಂದ ಅವಿಲ್ಲದೆ ಈ ಸೂಚನೆ ಅರ್ಧ. ‘ಬೇರು’ವಿನ ಪಾಡು ಇನ್ನೂ ಕಷ್ಟ: ‘ಬೇರಿನ’, ‘ಬೇರಿಗೆ’ ಎಂದಾಗ ಉಕಾರವೇ ಬಿದ್ದುಹೋಗುತ್ತದೆ, ಟಿಕ್ ಇರಲಿ ಬಿಡಲಿ ಹೊಂದುವುದಿಲ್ಲ. ‘ದ್ಯುತಿಸಂಶ್ಲೇಷಣೆ’ಯಂಥ ಉದ್ದ ಪದಕ್ಕೆ ಟಿಕ್ ಹಾಕದಿದ್ದರೇ ವಾಸಿ; ಅದು ಬೇರೆ ಪದದೊಳಗೆ ಹೋಗಿ ಸಿಕ್ಕಿಕೊಳ್ಳುವ ಭಯವಿಲ್ಲ. ಕೀವರ್ಡ್‌ಗಳ ಸಹಾಯದಲ್ಲಿ "ಸಾಲಿಗೊಂದು, ಅಲ್ಪವಿರಾಮ ಬೇಡ" ಎಂಬುದನ್ನು ಮೊದಲ ವಾಕ್ಯಕ್ಕೇ ತಂದೆ, ಏಕೆಂದರೆ ಎಲ್ಲರೂ ಎಡವುವುದು ಅಲ್ಲೇ. ದೊಡ್ಡಕ್ಷರ-ಸಣ್ಣಕ್ಷರದ ಆಯ್ಕೆಗೆ "ಇಂಗ್ಲಿಷ್ ಅಕ್ಷರದ ನಮೂದುಗಳಿಗೆ ಮಾತ್ರ, ಕನ್ನಡಕ್ಕೆ ಬೇಕಿಲ್ಲ" ಎಂದು ಬರೆದು ಕೈತೊಳೆದುಕೊಂಡೆ.

ಹೆಸರುಗಳದ್ದು ಬೇರೆಯೇ ತಲೆನೋವು. ಒಂದು ಪರದೆಯಲ್ಲಿ ‘ನಮೂದು’, ಇನ್ನೊಂದರಲ್ಲಿ ‘ದಾಖಲೆ’. ಮೊದಲು ಬಟನ್, ಪೆಟ್ಟಿಗೆಗಳ ಹೆಸರನ್ನೆಲ್ಲ ಒಂದು ಶೀಟಿನಲ್ಲಿ ಇಳಿಸಿ ಒಂದಕ್ಕೊಂದೇ ಪದ ಗೊತ್ತುಮಾಡಿದೆ. ಸಹಾಯ ಪಠ್ಯ ಮುಟ್ಟಿದ್ದು ಆಮೇಲೆ. ಪೆಟ್ಟಿಗೆಯ ಮೇಲಿನ ಮಾತೇ ಸಹಾಯದಲ್ಲೂ ಅಕ್ಷರಶಃ ಇರದಿದ್ದರೆ ಓದುವವರು ಪರದೆಯಲ್ಲಿ ಏನನ್ನು ಹುಡುಕಬೇಕು? ‘ಕೊಂಡಿ’ಯೋ ‘ಲಿಂಕ್’ಓ ಎಂಬ ಚರ್ಚೆಗೆ ಹೆಚ್ಚು ಹೊತ್ತು ಕೊಡಲಿಲ್ಲ. ಇಲ್ಲಿ ಎಲ್ಲರೂ ಲಿಂಕ್ ಅಂತಲೇ ಅನ್ನುತ್ತಾರೆ.

ನಮ್ಮ ಸೈಟಿನ ತಿದ್ದುಪಡಿ ನಮ್ಮಲ್ಲೇ ಉಳಿಯುತ್ತದೆ. ಎಲ್ಲರಿಗೂ ಸಿಗಬೇಕೆಂದರೆ ಮೂಡಲ್‌ನ ಅನುವಾದ ವ್ಯವಸ್ಥೆಯಾದ ಆಮೋಸ್ ಮೂಲಕ ಪ್ಯಾಕ್ ನೋಡಿಕೊಳ್ಳುವವರಿಗೆ ಕಳಿಸಬೇಕು. ‘ಪೂರ್ತಿ ಪದ’ ಮತ್ತು ಕೀವರ್ಡ್‌ಗಳ ಸಹಾಯವನ್ನು ಕಳಿಸಿದ್ದೇನೆ. ಹೆಸರುಗಳ ಶೀಟನ್ನು ಕಳಿಸಿಲ್ಲ. ಅದರ ಬಗ್ಗೆ ಬೇರೆ ಕಾಲೇಜಿನವರೂ ಮಾತಾಡಬೇಕು.