ಮರದ ಚಕ್ಕೆಯ ಮೇಲಿನ ಅಣಬೆ: ಮೊದಲು ಬೀಜಕದ ಬಣ್ಣ ನೋಡಿ

ಅಮೆರಿಕ, ಯುರೋಪಿನಲ್ಲಿ ತೋಟಕ್ಕೆ ಹಾಸಿದ ಮರದ ಚಕ್ಕೆಯ ಮೇಲೆ ಎದ್ದ ಅಣಬೆ ಯಾವುದೆಂದು ತಿಳಿಯಬೇಕಿದ್ದರೆ, ಅದರ ಕೊಡೆಯನ್ನು ತೊಟ್ಟಿನಿಂದ ಬೇರ್ಪಡಿಸಿ, ಕೊಡೆಯಡಿಯ ಪದರಗಳು ಕೆಳಮುಖವಾಗುವಂತೆ ಗಾಜಿನ ತುಂಡಿನ ಮೇಲಿಟ್ಟು, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬೀಜಕಗಳ (ಅಣಬೆ ಹರಡಲು ಉದುರಿಸುವ ಸೂಕ್ಷ್ಮ ಕಣಗಳ) ಪುಡಿ ರಂಗೋಲಿಯಂತೆ ಬಿದ್ದಿರುತ್ತದೆ. ಗಾಜಿನಡಿ ಒಮ್ಮೆ ಬಿಳಿ, ಒಮ್ಮೆ ಕಪ್ಪು ಕಾಗದ ಇಟ್ಟು ನೋಡಿದರೆ ತಿಳಿಬಣ್ಣವೂ ತಪ್ಪದು. ಕೊಡೆಯ ಬಣ್ಣ ಮಳೆ, ಬಿಸಿಲು, ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಬೀಜಕದ ಬಣ್ಣ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಚಕ್ಕೆಯಲ್ಲಿ ಬೆಳೆಯುವ, ತಿನ್ನಬಹುದಾದ ಸ್ಟ್ರೋಫೇರಿಯಾ ರುಗೋಸೋಆನ್ಯುಲೇಟಾ ಕಡು ನೇರಳೆಗಪ್ಪು ಪುಡಿ ಉದುರಿಸುತ್ತದೆ. ಯಕೃತ್ತನ್ನೇ ಹಾಳುಗೆಡವುವ ಗ್ಯಾಲರೀನಾ ಮಾರ್ಜಿನೇಟಾ ತುಕ್ಕಿನ ಕಂದು ಪುಡಿ ಬಿಡುತ್ತದೆ. ಅದರ ವಿಷ ಬೇಯಿಸಿದರೂ ಹೋಗದು. ಪದರ ಇನ್ನೂ ಮುಚ್ಚಿರುವ ಎಳೆಯ ಅಣಬೆ, ಒಣಗಿದ ಅಣಬೆಗಳಿಂದ ಪುಡಿಯ ಅಚ್ಚು ಸಿಗದು; ತೀರಾ ಒದ್ದೆಯಾಗಿದ್ದರೆ ಪುಡಿಯ ಬದಲು ಕಲೆ ಮಾತ್ರ. ಇದಕ್ಕಿಂತ ದೊಡ್ಡ ಮಿತಿಯೊಂದಿದೆ: ಇದು ಬೇಡದ್ದನ್ನು ಕಳೆಯುವ ಪರೀಕ್ಷೆ, ತಿನ್ನಲು ಕೊಡುವ ಪರವಾನಗಿಯಲ್ಲ. ಅದೇ ಚಕ್ಕೆಯ ಮೇಲೆ ಬರುವ, ಭ್ರಮೆ ಹುಟ್ಟಿಸುವ ಸಿಲೋಸೈಬಿ ಜಾತಿಗಳ ಪುಡಿಯೂ ಕಡು ನೇರಳೆಯೇ. ತೊಟ್ಟಿನ ಉಂಗುರ, ಪದರದ ಬಣ್ಣ, ಬುಡದ ಬಿಳಿ ಎಳೆಗಳನ್ನೂ ನೋಡಬೇಕು. ಆದ್ದರಿಂದ ಕೊಯ್ಯದೆ ಬುಡಸಮೇತ ಅಗೆದು ತೆಗೆಯಿರಿ.