ಮಗು ಸಾಕಲು ಎರಡು ಕೈ ಸಾಲದಾದಾಗ

ಮೊದಲ ಬಾಣಂತನ ತವರಿನಲ್ಲಿ ಎಂಬ ನಮ್ಮ ಪದ್ಧತಿಯ ಹಿಂದೆ ಒಂದು ಲೆಕ್ಕಾಚಾರವಿತ್ತು. ಎಣ್ಣೆ ಹಚ್ಚಿ ನೀರೆರೆಯಲು ಒಬ್ಬರು, ಕಷಾಯ ಕಾಸಲು ಒಬ್ಬರು, ನಡುರಾತ್ರಿ ಕೂಸು ಅತ್ತರೆ ಎತ್ತಿಕೊಳ್ಳಲು ಇನ್ನೊಬ್ಬರು. ಬಾಣಂತಿ ಹಾಲೂಡಿಸಿ ಮಲಗಿದರೆ ಆಯಿತು. ಮೂರೋ ಐದೋ ತಿಂಗಳು ಕಳೆದು ಆಕೆ ಬೆಂಗಳೂರಿನ ಬಾಡಿಗೆ ಮನೆಗೆ ಮರಳಿದ ದಿನ ಈ ಕೈಗಳೆಲ್ಲ ಒಮ್ಮೆಗೇ ಇಲ್ಲವಾಗುತ್ತವೆ. ಗಂಡ ಬೆಳಿಗ್ಗೆ ಎಂಟಕ್ಕೆ ಹೊರಟರೆ ರಾತ್ರಿ ಎಂಟಕ್ಕೆ ಬರುತ್ತಾನೆ. ಕೆಲಸ ಮಾತ್ರ ಅಷ್ಟೇ ಇರುತ್ತದೆ. ಆಮೇಲೆ ಅವಳು ರೇಗಿದರೆ, ‘ಈಗಿನ ಹುಡುಗಿಯರಿಗೆ ತಾಳ್ಮೆಯೇ ಇಲ್ಲ’ ಎಂದು ಎಲ್ಲರೂ ಹೇಳುತ್ತಾರೆ.

ತಾಳ್ಮೆಯ ಉಪದೇಶಕ್ಕೆ ನಮ್ಮಲ್ಲಿ ಬರವಿಲ್ಲ. ಬರ ಇರುವುದು ನಿದ್ದೆಗೆ, ಕೈಗಳಿಗೆ. ಆದ್ದರಿಂದ ಯಾವ ಕೆಲಸವನ್ನು ಯಾರಿಗೆ ಒಪ್ಪಿಸಬೇಕು, ಯಾರನ್ನು ಏನೆಂದು ಕೇಳಬೇಕು ಎಂಬುದಷ್ಟನ್ನೇ ಇಲ್ಲಿ ಹೇಳುತ್ತೇನೆ. ಅಪ್ಪಂದಿರೂ ಓದುವುದು ಒಳ್ಳೆಯದು.

ಮೊದಲು, ಸಿಟ್ಟು ನೆತ್ತಿಗೇರಿದ ಆ ಗಳಿಗೆ

ಹಾಲು ಕುಡಿಸಿ, ಬಟ್ಟೆ ಬದಲಿಸಿ, ಹೆಗಲ ಮೇಲೆ ಹಾಕಿಕೊಂಡು ಓಡಾಡಿಸಿದರೂ ಕೂಸು ಅಳುತ್ತಲೇ ಇದೆ. ನಿಮಗೆ ಕೈ ನಡುಗುವಷ್ಟು ಸಿಟ್ಟು ಬಂದಿದೆ. ಆಗ ಮಾಡಬೇಕಾದದ್ದು ಒಂದೇ: ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಪಕ್ಕದಲ್ಲಿ ದಿಂಬು, ಹೊದಿಕೆ ಇಲ್ಲವೆಂದು ನೋಡಿಕೊಂಡು, ಆ ಕೋಣೆಯಿಂದ ಹೊರಗೆ ಬನ್ನಿ. ಮುಖಕ್ಕೆ ತಣ್ಣೀರು ಹಾಕಿಕೊಳ್ಳಿ, ಬಾಲ್ಕನಿಯಲ್ಲಿ ನಿಲ್ಲಿ, ಯಾರಿಗಾದರೂ ಫೋನ್ ಮಾಡಿ. ಐದು ಹತ್ತು ನಿಮಿಷ ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಸಿಟ್ಟಿನಲ್ಲಿ ಹಿಡಿದು ಅಲುಗಾಡಿಸಿದರೆ ಆಗುತ್ತದೆ. ಕೂಸಿನ ಕುತ್ತಿಗೆ ಎಳೆಯದು, ತಲೆ ಭಾರ. ಜೋರಾಗಿ ಕುಲುಕಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಜೀವಕ್ಕೇ ಕುತ್ತು ಬರಬಹುದು.

ಒಂದು ಸಂಗತಿ ಗೊತ್ತಿದ್ದರೆ ಸ್ವಲ್ಪ ಸಮಾಧಾನ. ಎಳೆ ಮಕ್ಕಳ ಅಳು ಹುಟ್ಟಿದ ಎರಡನೇ ವಾರದಿಂದ ಏರುತ್ತಾ ಹೋಗಿ ಆರನೇ ವಾರದ ಆಸುಪಾಸಿನಲ್ಲಿ ತುದಿ ಮುಟ್ಟುತ್ತದೆ. ಮೂರು ನಾಲ್ಕು ತಿಂಗಳ ಹೊತ್ತಿಗೆ ಬಹುಪಾಲು ಇಳಿಯುತ್ತದೆ. ಸಂಜೆ ಹೊತ್ತು ಹೆಚ್ಚು ಅಳುವುದೂ ಮಾಮೂಲು. ನಿಮ್ಮ ಹಾಲು ಸಾಲುತ್ತಿಲ್ಲ, ದೃಷ್ಟಿ ತಾಗಿದೆ ಎಂದು ಯಾರಾದರೂ ಹೇಳುವ ಮುಂಚೆ ಇದು ತಿಳಿದಿರಲಿ. ಅಳುವಿನ ಜೊತೆ ಜ್ವರ, ವಾಂತಿ, ಹಾಲು ಬಿಡುವುದು, ಮಂಕಾಗುವುದು ಕಂಡರೆ ಮಾತ್ರ ತಡಮಾಡದೆ ವೈದ್ಯರ ಬಳಿ ಹೋಗಿ.

ದೊಡ್ಡ ಮಕ್ಕಳಾದರೆ ನೀವೇ ಜಾಗ ಬಿಡಿ. ‘ನನಗೀಗ ಸಿಟ್ಟು ಬಂದಿದೆ, ಆಮೇಲೆ ಮಾತಾಡೋಣ’ ಎಂದು ಹೇಳಿ ಅಡುಗೆಮನೆಗೆ ಹೋಗಿ. ಕೂಗಾಡಿಬಿಟ್ಟಿದ್ದರೆ, ತಣ್ಣಗಾದ ಮೇಲೆ ‘ನಾನು ಹಾಗೆ ಕಿರುಚಬಾರದಿತ್ತು’ ಎಂದು ಮಗುವಿಗೆ ಹೇಳಿ. ಹೇಳಿದರೆ ಅಪ್ಪ-ಅಮ್ಮನ ಮರ್ಯಾದೆ ಹೋಗುತ್ತದೆ ಎಂಬ ಅಂಜಿಕೆ ಬೇಡ.

ಎರಡನೆಯದು, ಪಟ್ಟಿ

ಒಂದು ವಾರ ಫ್ರಿಜ್ ಮೇಲೊಂದು ಹಾಳೆ ಅಂಟಿಸಿ. ಯಾವ ಹೊತ್ತಿನಲ್ಲಿ ಸುಸ್ತು, ರೇಗಾಟ ಹೆಚ್ಚು ಎಂದು ಬರೆಯುತ್ತಾ ಹೋಗಿ. ಹೆಚ್ಚಿನ ಮನೆಗಳಲ್ಲಿ ಎರಡೇ ಹೊತ್ತು ಕಾಣುತ್ತವೆ: ಸ್ಕೂಲ್ ವ್ಯಾನ್ ಬರುವ ಮುಂಚಿನ ಒಂದೂವರೆ ಗಂಟೆ, ಸಂಜೆ ಆರರಿಂದ ಮಕ್ಕಳು ಮಲಗುವವರೆಗೆ. ಇಡೀ ದಿನವನ್ನು ಸುಧಾರಿಸಲು ಹೊರಡಬೇಡಿ. ಈ ಎರಡು ಹೊತ್ತಿಗೆ ಯಾರನ್ನಾದರೂ ಹೊಂದಿಸಿದರೆ ಅರ್ಧ ಜಗಳ ನಿಲ್ಲುತ್ತದೆ.

ಅದೇ ಹಾಳೆಯ ಇನ್ನೊಂದು ಬದಿಯಲ್ಲಿ ಕಣ್ಣಿಗೆ ಕಾಣದ ಕೆಲಸ ಬರೆಯಿರಿ. ನಾಳೆ ಹಸಿರು ಬಣ್ಣದ ಬಟ್ಟೆ ಹಾಕಿ ಕಳಿಸಬೇಕು, ವ್ಯಾನ್ ಫೀಸು ಹತ್ತನೇ ತಾರೀಖಿನೊಳಗೆ ಕೊಡಬೇಕು, ಶೂ ಚಿಕ್ಕದಾಗಿದೆ, ಪ್ರಾಜೆಕ್ಟಿಗೆ ಚಾರ್ಟ್ ಪೇಪರ್ ತರಬೇಕು. ಇವನ್ನು ಮಾಡುವುದಕ್ಕಿಂತ ನೆನಪಿಟ್ಟುಕೊಳ್ಳುವುದೇ ಹೆಚ್ಚು ದಣಿಸುತ್ತದೆ. ‘ನೀನು ಹೇಳು, ನಾನು ಮಾಡ್ತೀನಿ’ ಎನ್ನುವ ಗಂಡಸರು ಬಹಳ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಹೇಳುವುದೂ ಒಂದು ಕೆಲಸವೇ ಅಲ್ಲವೇ?

ಹೀಗಾಗಿ ಕೆಲಸವನ್ನು ತುಂಡು ಮಾಡಿ ಕೊಡದೆ ಇಡಿಯಾಗಿ ಒಪ್ಪಿಸಿ. ಲಸಿಕೆಯನ್ನೇ ತೆಗೆದುಕೊಳ್ಳಿ. ಹುಟ್ಟಿದಾಗ, ಆರು, ಹತ್ತು, ಹದಿನಾಲ್ಕನೇ ವಾರ, ಒಂಬತ್ತು ತಿಂಗಳು ತುಂಬಿದಾಗ, ಒಂದೂವರೆ ವರ್ಷದ ಸುಮಾರಿಗೆ ಎಂದು ಸರ್ಕಾರಿ ವೇಳಾಪಟ್ಟಿ ಇದೆ. ಲಸಿಕೆ ಅಪ್ಪನ ಜವಾಬ್ದಾರಿ ಎಂದಾದರೆ ಲಸಿಕೆಯ ವಿವರ ಬರೆದಿಡುವ ‘ತಾಯಿ ಕಾರ್ಡ್’ ಎಲ್ಲಿದೆ ಎಂದು ಹುಡುಕುವುದು, ದಿನ ನೆನಪಿಡುವುದು, ಕಚೇರಿಗೆ ರಜೆ ಹಾಕುವುದು, ಆ ರಾತ್ರಿ ಜ್ವರ ಬಂದರೆ ಎದ್ದು ಕೂರುವುದು ಎಲ್ಲವೂ ಅವನದೇ. ಒಪ್ಪಿಸಿದ ಮೇಲೆ ಹಿಂದೆ ನಿಂತು ತಿದ್ದಬೇಡಿ. ಅಪ್ಪ ಹಾಕಿದ ಜಡೆ ಸೊಟ್ಟಗಿದ್ದರೆ ಸೊಟ್ಟಗೇ ಶಾಲೆಗೆ ಹೋಗಲಿ.

ಪಟ್ಟಿಯಲ್ಲಿ ಯಾರಿಗೂ ಬೇಡದ ಕೆಲಸಗಳೂ ಇರುತ್ತವೆ. ಅಬಾಕಸ್ ತರಗತಿ, ಡಬ್ಬಿಗೆ ಮೂರು ಬಗೆಯ ತಿಂಡಿ, ಹುಟ್ಟುಹಬ್ಬದ ರಿಟರ್ನ್ ಗಿಫ್ಟ್. ಅವನ್ನು ಹೊಡೆದು ಹಾಕಿ.

ಮೂರನೆಯದು, ಕೇಳುವ ಬಗೆ

‘ಏನಾದರೂ ಬೇಕಿದ್ದರೆ ಹೇಳು’ ಎಂದು ನೆಂಟರು ಹೇಳುತ್ತಾರೆ, ‘ಆಯ್ತು’ ಎಂದು ನಾವು ಅನ್ನುತ್ತೇವೆ, ಮಾತು ಅಲ್ಲಿಗೆ ಮುಗಿಯುತ್ತದೆ. ‘ನನಗೆ ತುಂಬಾ ಕಷ್ಟವಾಗ್ತಿದೆ’ ಎಂದರೆ ಎದುರಿನವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ, ಸಮಾಧಾನ ಹೇಳಿ ಸುಮ್ಮನಾಗುತ್ತಾರೆ. ದಿನ, ಹೊತ್ತು, ಕೆಲಸ ಮೂರನ್ನೂ ಸೇರಿಸಿ ಕೇಳಿ ನೋಡಿ. ‘ಅಕ್ಕಾ, ಶನಿವಾರ ನಾಲ್ಕರಿಂದ ಆರರವರೆಗೆ ಪುಟ್ಟನ್ನ ನಿಮ್ಮನೇಲಿ ಬಿಡ್ಲಾ? ನಾನು ಮಲಗಬೇಕು.’ ಮಲಗಬೇಕು ಎನ್ನಲು ಸಂಕೋಚ ಪಟ್ಟು ಬ್ಯಾಂಕಿನ ಕೆಲಸವಿದೆ ಎಂದು ಸುಳ್ಳು ಹೇಳುವುದು ಯಾಕೆ?

ಅಕ್ಕಪಕ್ಕದವರಲ್ಲಿ ಇದು ಕೊಡುಕೊಳ್ಳುವಿಕೆಯಾದರೆ ಬಾಳಿಕೆ ಬರುತ್ತದೆ. ಒಂದೇ ಶಾಲೆಗೆ ಹೋಗುವ ಮಕ್ಕಳಿದ್ದರೆ ಸೋಮವಾರ, ಬುಧವಾರ ನೀವು ಕರೆತನ್ನಿ, ಮಂಗಳವಾರ, ಗುರುವಾರ ಅವರು ತರಲಿ. ಹೋಂವರ್ಕನ್ನೂ ಹೀಗೆ ಬದಲಾಯಿಸಿಕೊಳ್ಳಬಹುದು. ಸ್ವಂತ ಅಮ್ಮನಿಗೆ ಒಪ್ಪಿಸದ ಮಗ್ಗಿಯನ್ನು ಮಗು ಪಕ್ಕದ ಮನೆ ಆಂಟಿಗೆ ಥಟ್ಟನೆ ಒಪ್ಪಿಸುವುದುಂಟು.

ಅಜ್ಜ-ಅಜ್ಜಿ ಮನೆಯಲ್ಲಿದ್ದರೆ ಅದು ಭಾಗ್ಯ. ಆದರೆ ಮಂಡಿನೋವು, ಬಿಪಿ ಇರುವವರಿಗೆ ಎರಡು ವರ್ಷದ ಮಗುವಿನ ಹಿಂದೆ ದಿನವಿಡೀ ಓಡಿ ಎನ್ನುವುದು ನ್ಯಾಯವಲ್ಲ. ಮೊದಲು ಅವರಿಗೆ ಏನು ಸಾಧ್ಯ ಎಂದು ಕೇಳಿ: ‘ಅತ್ತೆ, ಸಂಜೆ ಒಂದು ಗಂಟೆ ಕಥೆ ಹೇಳ್ತಾ ಕೂರಿಸ್ಕೋತೀರಾ?’

ಹಿರಿಯರೊಂದಿಗೆ ತಿಕ್ಕಾಟ ಬರುವುದು ಹೆಚ್ಚಾಗಿ ಕೂಸಿನ ಆರೈಕೆಯ ವಿಚಾರಕ್ಕೆ. ಎಲ್ಲದಕ್ಕೂ ವಾದ ಮಾಡಿದರೆ ಸೋಲು ನಿಮ್ಮದೇ. ಮಗುವಿಗೆ ಹಾನಿಯಾಗುವುದನ್ನು ಮಾತ್ರ ಹಿಡಿದುಕೊಳ್ಳಿ, ಉಳಿದದ್ದನ್ನು ಬಿಡಿ. ಒಂದು ವರ್ಷ ತುಂಬುವ ಮುಂಚೆ ಜೇನು ನೆಕ್ಕಿಸಬಾರದು. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಣಗಳನ್ನು ಎಳೆಯ ಕರುಳು ತಡೆದುಕೊಳ್ಳುವುದಿಲ್ಲ. ಮೂಗು, ಕಿವಿಗೆ ಎಣ್ಣೆ ಬಿಡಬಾರದು. ಇಲ್ಲಿ ಪಟ್ಟು ಹಿಡಿಯಿರಿ. ಕೆನ್ನೆಗೆ ದೃಷ್ಟಿಬೊಟ್ಟು, ಕೈಗೆ ಕಪ್ಪು ಬಳೆ, ಸಂಜೆ ಲೋಬಾನದ ಹೊಗೆಯ ಬದಲು ಬರೀ ಆರತಿ, ಇವೆಲ್ಲ ಇರಲಿ ಬಿಡಿ. ಹೇಳಬೇಕಾದ್ದನ್ನು ನೀವೇ ಹೇಳುವುದಕ್ಕಿಂತ ಆಶಾ ಕಾರ್ಯಕರ್ತೆಯಿಂದಲೋ ಮಕ್ಕಳ ಡಾಕ್ಟರಿಂದಲೋ ಅತ್ತೆಯ ಎದುರಲ್ಲೇ ಹೇಳಿಸುವುದು ಜಾಣತನ. ಸೊಸೆ ಹೇಳಿದರೆ ಎದುರುತ್ತರ, ಡಾಕ್ಟರು ಹೇಳಿದರೆ ಸಲಹೆ.

ನಾಲ್ಕನೆಯದು, ಸರ್ಕಾರ ಮತ್ತು ಕಚೇರಿ

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಕೂಸಿನ ತೂಕ, ಹೊಕ್ಕುಳು ನೋಡುತ್ತಾರೆ. ನಿಮ್ಮ ನಿದ್ದೆ, ಅಳು, ಭಯದ ಬಗ್ಗೆ ಅವರಾಗಿ ಕೇಳದಿದ್ದರೆ ನೀವೇ ಹೇಳಿ. ಬಾಣಂತನಕ್ಕೆ ತವರಿಗೆ ಹೋದಾಗ ಗಂಡನ ಮನೆಯ ಊರಿನ ಪಟ್ಟಿಯಲ್ಲಿ ಹೆಸರಿದ್ದು ಈ ಭೇಟಿ ತಪ್ಪಿಹೋಗಬಹುದು. ತವರೂರಿನ ಆಶಾಗೆ ಮೊದಲೇ ತಿಳಿಸಿ.

ಮೂರರಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿ ಇದೆ. ಅದಕ್ಕಿಂತ ಚಿಕ್ಕ ಮಕ್ಕಳನ್ನು ಬಿಟ್ಟು ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ 2023-24ರ ರಾಜ್ಯ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ಘೋಷಿಸಲಾಯಿತು. ನಿಮ್ಮ ಪಂಚಾಯಿತಿಯಲ್ಲಿದೆಯೇ ಎಂದು ಪಿಡಿಒ ಅವರನ್ನು ಕೇಳಿ.

ಕಂಪನಿಯಲ್ಲಿ ದುಡಿಯುವವರಿಗೆ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಎರಡು ಸಂಗತಿ ಕೊಟ್ಟಿತು. ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳದ ರಜೆ ಒಂದು, 50ಕ್ಕಿಂತ ಕಡಿಮೆಯಿಲ್ಲದ ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ, ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿ ಮಗುವನ್ನು ನೋಡಲು ಅವಕಾಶ ಇನ್ನೊಂದು. ಮೊದಲನೆಯದು ಎಲ್ಲರಿಗೂ ಗೊತ್ತು, ಎರಡನೆಯದನ್ನು ಕೇಳುವವರೇ ಕಡಿಮೆ. ಎಚ್‌ಆರ್‌ಗೆ ಇಮೇಲ್ ಬರೆದು ಕೇಳಿ, ಬಾಯಿಮಾತು ಬೇಡ. ಒಬ್ಬರೇ ಬರೆಯುವ ಬದಲು ನಾಲ್ಕು ಜನ ತಾಯಂದಿರು ಸೇರಿ ಬರೆದರೆ ಇನ್ನೂ ವಾಸಿ. ಕೇಂದ್ರ ಸರ್ಕಾರಿ ನೌಕರರಾದ ಅಪ್ಪಂದಿರಿಗೆ 15 ದಿನಗಳ ಪಿತೃತ್ವ ರಜೆ ಇದೆ. ಅದನ್ನು ನಾಮಕರಣದ ಓಡಾಟಕ್ಕೆ ಖರ್ಚು ಮಾಡದೆ, ತವರಿನಿಂದ ಹೆಂಡತಿ ಮಗು ಮರಳುವ ಮೊದಲ ವಾರಗಳಿಗೆ ಉಳಿಸಿಕೊಳ್ಳಲು ನಿಯಮ ಬಿಡುತ್ತದೆ. ಹೆರಿಗೆಯಾದ ಆರು ತಿಂಗಳೊಳಗೆ ತೆಗೆದುಕೊಂಡರೆ ಸಾಕು.

ಐದನೆಯದು, ಮಗುವಿನ ಬೆಳವಣಿಗೆಯೇ ಚಿಂತೆಯಾದಾಗ

ಮಾತು ತಡವಾಗಿದೆ, ಕರೆದರೆ ತಿರುಗುವುದಿಲ್ಲ, ವಾರಿಗೆಯವರಂತೆ ನಡೆಯುತ್ತಿಲ್ಲ. ಇಂಥ ಮನೆಗಳ ಒತ್ತಡವೇ ಬೇರೆ. ‘ಅವರಪ್ಪನೂ ತಡವಾಗಿ ಮಾತಾಡಿದ್ದು’ ಎಂಬ ಸಮಾಧಾನದಲ್ಲಿ ಎಷ್ಟೋ ಮನೆಗಳಲ್ಲಿ ಒಂದೆರಡು ವರ್ಷ ಕಳೆದುಹೋಗುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ತಪಾಸಣೆಗೆ ಬರುತ್ತದೆ. ಜಿಲ್ಲಾಸ್ಪತ್ರೆಯಲ್ಲಿ ‘ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಕೇಂದ್ರ) ಎಲ್ಲಿದೆ’ ಎಂದು ಕೇಳಿದರೆ ಮುಂದಿನ ದಾರಿ ತೋರಿಸುತ್ತಾರೆ. ಮಾತು, ಶ್ರವಣದ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಗುವಿಗೆ ಮನೆಯಲ್ಲಿ ಹೇಗೆ ಕಲಿಸಬೇಕೆಂದು ಅಲ್ಲಿ ಪಾಲಕರಿಗೂ ಹೇಳಿಕೊಡುತ್ತಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ಅಂಗವೈಕಲ್ಯ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ವೆಚ್ಚ ಭರಿಸುತ್ತದೆ. ಥೆರಪಿಯೂ ಅದರಲ್ಲಿ ಸೇರಿದೆ.

ಇಂಥ ಕಡೆ ಕಾಯುವ ಜಾಗದಲ್ಲಿ ಸಿಗುವ ಇತರ ತಾಯಿತಂದೆಯರ ಫೋನ್ ನಂಬರ್ ತೆಗೆದುಕೊಳ್ಳಿ. ಯಾವ ಶಾಲೆ ಸೇರಿಸಿಕೊಳ್ಳುತ್ತದೆ, ಯಾವ ಕಚೇರಿಯಲ್ಲಿ ಯಾವ ಕಾಗದ ಕೇಳುತ್ತಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ.

ಕೊನೆಯದು, ಇದು ಬರೀ ದಣಿವಲ್ಲ ಎನಿಸಿದಾಗ

ಹೆರಿಗೆಯಾದ ಮೂರ್ನಾಲ್ಕು ದಿನಕ್ಕೆ ಸುಮ್ಮಸುಮ್ಮನೆ ಅಳು ಬರುವುದು ಬಹಳ ಬಾಣಂತಿಯರಿಗೆ ಆಗುತ್ತದೆ, ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಎರಡು ವಾರ ದಾಟಿಯೂ ಬೇಸರ ಹೋಗದಿದ್ದರೆ, ಮಗು ಮಲಗಿದರೂ ನಿಮಗೆ ನಿದ್ದೆ ಬಾರದಿದ್ದರೆ, ಮಗುವನ್ನು ಕಂಡರೆ ಏನೂ ಅನಿಸದಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ವೈದ್ಯರು 1987ರಿಂದ ಬಳಕೆಯಲ್ಲಿರುವ ಹತ್ತು ಪ್ರಶ್ನೆಗಳ ಎಡಿನ್‌ಬರೋ ಪಟ್ಟಿ ಕೊಟ್ಟು ಅಳೆಯಬಹುದು. ಮಾತ್ರೆ ಬೇಕಾದರೂ ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದವು ಇವೆ, ವೈದ್ಯರನ್ನು ಕೇಳಿ. ಖಿನ್ನತೆ ಅಪ್ಪಂದಿರಿಗೂ ಬರುತ್ತದೆ. ಅವರಲ್ಲಿ ಅದು ಅಳುವಾಗಿ ಕಾಣದೆ ಸಿಡುಕು, ಕುಡಿತ, ಮನೆಗೆ ತಡವಾಗಿ ಬರುವುದಾಗಿ ಕಾಣಬಹುದು.

ಯಾರೂ ಇಲ್ಲದಿದ್ದರೂ ದನಿ ಕೇಳುತ್ತಿದೆ ಎಂದು ಬಾಣಂತಿ ಹೇಳಿದರೆ, ಎರಡು ಮೂರು ರಾತ್ರಿ ಕಣ್ಣು ಮುಚ್ಚದೆ ಅಸಂಬದ್ಧ ಮಾತಾಡಿದರೆ, ಮಗುವಿಗೋ ತನಗೋ ಏನಾದರೂ ಮಾಡಿಕೊಳ್ಳುವ ಮಾತು ಬಂದರೆ, ‘ಗಾಳಿ ಸೋಕಿದೆ’ ಎಂದು ಯಂತ್ರ ಕಟ್ಟಿಸುತ್ತಾ ಕೂರಬೇಡಿ. ಆಕೆಯನ್ನೂ ಮಗುವನ್ನೂ ಒಂಟಿಯಾಗಿ ಬಿಡಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಒಟ್ಟಿಗೇ ದಾಖಲಿಸಿಕೊಳ್ಳುವ ತಾಯಿ-ಮಗು ಘಟಕವಿದೆ.

ಅಷ್ಟು ತೀವ್ರವಲ್ಲದಿದ್ದರೆ ಫೋನಿನಿಂದ ಶುರು ಮಾಡಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಸಿಗುತ್ತದೆ. ಮೊದಲು ಭಾಷೆ ಆರಿಸಲು ಹೇಳುತ್ತದೆ, ಆಮೇಲೆ ಸಲಹೆಗಾರರು ಮಾತಿಗೆ ಬರುತ್ತಾರೆ. ಏನು ಹೇಳುವುದೆಂದು ತೋಚದಿದ್ದರೆ ಇಷ್ಟು ಸಾಕು: ‘ನನಗೆ ಎಂಟು ತಿಂಗಳ ಮಗು ಇದೆ, ನಿದ್ದೆ ಇಲ್ಲ, ತುಂಬಾ ಸಿಟ್ಟು ಬರುತ್ತೆ.’ ಉಳಿದದ್ದನ್ನು ಅವರೇ ಕೇಳುತ್ತಾರೆ. ಮನೆಯಲ್ಲಿ ಮಾತಾಡಲು ಜಾಗವಿಲ್ಲದಿದ್ದರೆ ತಾರಸಿಯ ಮೇಲೆ ಬಟ್ಟೆ ಒಣಗಿಸುವ ಹೊತ್ತು ಆರಿಸಿಕೊಳ್ಳಿ. ಮೊದಲ ಸಲ ಮಾತು ಹೊಂದಿಬರಲಿಲ್ಲ ಎನಿಸಿದರೆ ಮತ್ತೊಂದು ದಿನ ಕರೆ ಮಾಡಿ, ಬೇರೆ ಸಲಹೆಗಾರರು ಸಿಗಬಹುದು. ಖುದ್ದಾಗಿ ಕಾಣಬೇಕೆಂದರೆ ನಿಮ್ಮ ಜಿಲ್ಲೆಯಲ್ಲಿ ಮನೋವೈದ್ಯರು ಯಾವ ಆಸ್ಪತ್ರೆಯಲ್ಲಿದ್ದಾರೆ ಎಂದೂ ಅವರನ್ನೇ ಕೇಳಿ.